ಮೈಸೂರು ದಾರಿಯ ಆಟಗಳು

ಶಾಲೆಗೆ ರಜೆ ಸಿಕ್ಕಾಗ ಮಕ್ಕಳನ್ನು ಅವರ ಗೆಳೆಯರ ಸಮೇತ ಕಾರಿಗೋ ಟಿಟಿಗೋ ಹತ್ತಿಸಿಕೊಂಡು ಬೆಂಗಳೂರಿನಿಂದ ಮೈಸೂರಿಗೆ ಹೋಗಿಬರುವುದು ಅನೇಕ ಮನೆಗಳ ರೂಢಿ. ಹತ್ತರಿಂದ ಹದಿನೈದು ವಯಸ್ಸಿನ ಐದಾರು ಮಕ್ಕಳು, ಅವರನ್ನು ಸುಧಾರಿಸಲು ಇಬ್ಬರು ದೊಡ್ಡವರು, ಕಾಲಿನ ಬುಡದಲ್ಲಿ ಕುರುಕಲು ತಿಂಡಿಯ ಚೀಲ. ಮೈಸೂರು ಮುಟ್ಟಿದ ಮೇಲೆ ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ ಎಂಬ ಪಟ್ಟಿ ಎಲ್ಲರ ಬಳಿಯೂ ಸಿದ್ಧವಿರುತ್ತದೆ. ದಾರಿಯ ಹೊತ್ತಿಗೆ ಮಾತ್ರ ಯಾವ ಯೋಜನೆಯೂ ಇರುವುದಿಲ್ಲ. ಯಾರೋ ಅಂತ್ಯಾಕ್ಷರಿ ಶುರುಮಾಡುತ್ತಾರೆ, ಅದು ಸೊರಗಿದಾಗ ಮೊಬೈಲು ಹೊರಬರುತ್ತದೆ. ದಾರಿಯಲ್ಲಿ ಆಡುವ ಆಟಗಳನ್ನು, ಇಳಿಯುವ ಜಾಗಗಳನ್ನು ಅಳೆಯಲು ಒಂದೇ ಪ್ರಶ್ನೆ ಸಾಕು: ಅದು ದಾರಿಯನ್ನು ಕಾಣಿಸುತ್ತದೆಯೋ, ಮರೆಸುತ್ತದೆಯೋ? ಮರೆಸುವ ಆಟವನ್ನು ಮನೆಯ ಹಜಾರದಲ್ಲೂ ಆಡಬಹುದು. ಅದಕ್ಕಾಗಿ ಡೀಸೆಲ್ ಸುಡಬೇಕಿಲ್ಲ.

ಇವುಗಳಲ್ಲಿ ಹಿರಿಯದು ಅಂತ್ಯಾಕ್ಷರಿ. ಸರಂಜಾಮು ಬೇಡ, ಜಾಗ ಬೇಡ, ಹಿಂದಿನ ಸೀಟಿನಲ್ಲಿ ಕುಳಿತವರೂ ಸೇರಬಹುದು. ಕನ್ನಡದಲ್ಲಿ ಆಡುವಾಗ ಮಾತ್ರ ಇದಕ್ಕೊಂದು ತೊಡಕಿದೆ. ನಮ್ಮ ಚಿತ್ರಗೀತೆ, ಭಾವಗೀತೆಗಳ ಸಾಲುಗಳು ‘ಅಲ್ಲಿ’, ‘ದಲಿ’ ಎಂಬ ಸಪ್ತಮಿಯಲ್ಲಿ ಮುಗಿಯುವುದು ತೀರ ಸಾಮಾನ್ಯ. ಹಾಗಾಗಿ ‘ಲ’ ಮತ್ತೆ ಮತ್ತೆ ಎದುರು ತಂಡದ ಪಾಲಿಗೆ ಬರುತ್ತದೆ. ಲಕಾರದಿಂದಲೋ ರಕಾರದಿಂದಲೋ ಶುರುವಾಗುವ ಅಚ್ಚಗನ್ನಡದ ಪದಗಳು ಇಲ್ಲವೆನ್ನುವಷ್ಟು ಕಡಿಮೆ, ಹಾಡುಗಳೂ ಕಡಿಮೆ. ಒಂದೆರಡು ಲಾಲಿ ಹಾಡು ಮುಗಿದರೆ ಗಂಟಲು ಕಟ್ಟುತ್ತದೆ. ‘ಣ’ ಮತ್ತು ‘ಳ’ಗಳಿಂದ ಶುರುವಾಗುವ ಹಾಡನ್ನಂತೂ ಹುಡುಕುವುದೇ ವ್ಯರ್ಥ. ಆ ಅಕ್ಷರ ಬಂದಾಗ ‘ನ’, ‘ಲ’ ತೆಗೆದುಕೊಳ್ಳಬಹುದೆಂಬ ರಿಯಾಯಿತಿ ಬಳಕೆಯಲ್ಲಿದೆ. ‘ಳ’ದಿಂದ ತಪ್ಪಿಸಿಕೊಂಡವರು ‘ಲ’ಕ್ಕೆ ಸಿಕ್ಕಿಬೀಳುವುದು ಬಾಣಲೆಯಿಂದ ಬೆಂಕಿಗೆ ಬಿದ್ದಂತೆಯೇ.

ಅದಕ್ಕಿಂತ ದೊಡ್ಡ ದೋಷ ವಯಸ್ಸಿನದು. ದೊಡ್ಡವರ ನೆನಪಿನಲ್ಲಿ ರಾಜ್‌ಕುಮಾರ್ ಕಾಲದ ಹಾಡುಗಳು ಪಲ್ಲವಿ, ಚರಣ ಸಮೇತ ಇರುತ್ತವೆ. ಹನ್ನೆರಡರ ಮಗುವಿಗೆ ಈ ವರ್ಷದ ನಾಲ್ಕು ಹಾಡುಗಳ ನಾಲ್ಕು ತುಣುಕು ಗೊತ್ತು. ಕೆಂಗೇರಿ ದಾಟುವಾಗ ಎಲ್ಲರೂ ಹಾಡುತ್ತಿರುತ್ತಾರೆ, ರಾಮನಗರದ ಹೊತ್ತಿಗೆ ಅಪ್ಪ ಅಮ್ಮಂದಿರಿಬ್ಬರೇ ಉಳಿದಿರುತ್ತಾರೆ. ಮಕ್ಕಳ ಹೆಸರಿನಲ್ಲಿ ಶುರುವಾದ ಆಟ ದೊಡ್ಡವರ ಸ್ಮರಣಸಂಚಿಕೆಯಾಗಿ ಮುಗಿಯುತ್ತದೆ. ನಿಯಮ ಒಂದನ್ನು ಬದಲಿಸಿದರೆ ಇದನ್ನು ಉಳಿಸಿಕೊಳ್ಳಬಹುದು. ಕೊನೆಯ ಅಕ್ಷರವನ್ನು ಬಿಟ್ಟು, ಕಿಟಕಿಯ ಹೊರಗೆ ಈಗಷ್ಟೇ ಕಂಡ ವಸ್ತುವಿನ ಹೆಸರು ಹಾಡಿನಲ್ಲಿ ಬರಬೇಕೆಂದು ಕಟ್ಟು ಹಾಕುವುದು: ತೆಂಗು, ಹಸು, ಮೋಡ, ರೈಲು, ದೇವಸ್ಥಾನ. ಯಾವ ಭಾಷೆಯ ಹಾಡಾದರೂ ನಡೆದೀತು. ಆಗ ಹಾಡಲು ಬಾರದ ಮಗುವೂ ವಸ್ತುವನ್ನು ತೋರಿಸಿ ಆಟಕ್ಕೆ ಬರುತ್ತದೆ, ಕಣ್ಣು ಹೊರಗೆ ಹೋಗುತ್ತದೆ.

ಸಿನಿಮಾ ಹೆಸರನ್ನು ಮೂಕಾಭಿನಯದಲ್ಲಿ ತೋರಿಸುವ ಡಂಬ್ ಶರಾಡ್ಸ್ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಅದಕ್ಕೆ ಎದ್ದು ನಿಲ್ಲಬೇಕು, ಎದ್ದು ನಿಲ್ಲಲು ಸೀಟ್ ಬೆಲ್ಟ್ ಬಿಚ್ಚಬೇಕು. ಹದಿನಾಲ್ಕರ ಒಳಗಿನ ಮಗುವನ್ನು ಬೆಲ್ಟ್ ಹಾಕಿಸದೆ ಅಥವಾ ಮಕ್ಕಳ ಸುರಕ್ಷಾ ಆಸನವಿಲ್ಲದೆ ಕರೆದೊಯ್ದರೆ 1,000 ರೂಪಾಯಿ ದಂಡ ಎಂದು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಹೇಳುತ್ತದೆ. ಕಾನೂನು ಇಲ್ಲದಿದ್ದರೂ ಓಡುವ ಗಾಡಿಯಲ್ಲಿ ಈ ಆಟ ಸಲ್ಲದು. ಪರದೆ ಎಳೆದು, ಬಣ್ಣದ ದೀಪ ಹಾಕಿ, ಡಿಜೆ ಹಚ್ಚಿ ಕುಣಿಯುವ ಟಿಟಿ ಪ್ರವಾಸಕ್ಕೂ ಇದೇ ಮಾತು.

ಹೆಸರು, ಊರು, ಪ್ರಾಣಿ, ವಸ್ತು ಎಂದು ಕಾಗದದಲ್ಲಿ ಬರೆದು ಆಡುವ ಆಟ ಮನೆಯಲ್ಲಿ ಸೊಗಸು. ವಾಹನದಲ್ಲಿ ಅದು ವಾಂತಿಗೆ ದಾರಿ. ಒಳಗಿವಿಯ ಸಮತೋಲನದ ಅಂಗ ದೇಹ ಚಲಿಸುತ್ತಿದೆ ಎಂದು ಮಿದುಳಿಗೆ ತಿಳಿಸುತ್ತಿರುತ್ತದೆ. ಕಾಗದದ ಮೇಲೋ ಮೊಬೈಲ್ ಪರದೆಯ ಮೇಲೋ ನೆಟ್ಟ ಕಣ್ಣು ಎಲ್ಲವೂ ನಿಂತಿದೆ ಎನ್ನುತ್ತದೆ. ಈ ಎರಡು ವರದಿಗಳ ತಿಕ್ಕಾಟವೇ ಹೊಟ್ಟೆ ತೊಳಸುವುದಕ್ಕೆ ಮೂಲ, ಮತ್ತು ಅದು ಹನ್ನೆರಡರವರೆಗಿನ ಮಕ್ಕಳಲ್ಲಿ ಹೆಚ್ಚು. ದೂರದ ಬೆಟ್ಟದ ಸಾಲನ್ನು ನೋಡುತ್ತಿರುವ ಮಗುವಿಗೆ ಕಣ್ಣೂ ಕಿವಿಯೂ ಒಂದೇ ಮಾತು ಹೇಳುವುದರಿಂದ ಈ ಕಷ್ಟ ಕಡಿಮೆ. ಪರದೆಯ ಮೇಲಿನ ಆಟಗಳ ವಿರುದ್ಧ ನೀತಿಪಾಠ ಹೇಳುವವರು ಈ ಒಂದು ಕಾರಣವನ್ನೇ ಮುಂದಿಟ್ಟರೆ ಸಾಕು. ಬರೆಯದೆ ಬಾಯಲ್ಲೇ ಆಡುವ ಒಗಟು, ಗಾದೆಯ ಅರ್ಧ ಹೇಳಿ ಉಳಿದರ್ಧ ಕೇಳುವುದು, ಇಪ್ಪತ್ತು ಪ್ರಶ್ನೆಗಳಲ್ಲಿ ಮನಸ್ಸಿನಲ್ಲಿಟ್ಟ ವಸ್ತುವನ್ನು ಪತ್ತೆಮಾಡುವುದು, ಇವೆಲ್ಲ ಸಂಜೆ ಕತ್ತಲಾದ ಮೇಲೆ, ಹೊರಗೇನೂ ಕಾಣದಾಗ ಬಳಸಿಕೊಳ್ಳಲು ಯೋಗ್ಯ.

ಹಗಲಿನ ಆಟಗಳಲ್ಲಿ ಮೊದಲ ಸ್ಥಾನ ನಂಬರ್ ಪ್ಲೇಟಿನ ಆಟಕ್ಕೆ ಸಲ್ಲಬೇಕು. ಇದರಲ್ಲಿ ಕಲಿಕೆ ಆಟದೊಳಗೇ ಇದೆ, ಮೇಲಿಂದ ಬಳಿದದ್ದಲ್ಲ. ಕೆಎ 42 ರಾಮನಗರ, ಕೆಎ 11 ಮಂಡ್ಯ, ಕೆಎ 54 ನಾಗಮಂಗಲ, ಕೆಎ 45 ಹುಣಸೂರು, ಕೆಎ 10 ಚಾಮರಾಜನಗರ, ಕೆಎ 12 ಮಡಿಕೇರಿ. ಮೈಸೂರಿಗೆ 09 ಮತ್ತು 55 ಎರಡು. ಬಿಡದಿ ದಾಟುವವರೆಗೆ ಬೆಂಗಳೂರಿನ 01ರಿಂದ 05ರವರೆಗಿನ ಮತ್ತಿತರ ಸಂಖ್ಯೆಗಳೇ ಹೆಚ್ಚಾಗಿ ಕಣ್ಣಿಗೆ ಬೀಳುತ್ತವೆ. ಮುಂದೆ ಹೋದಂತೆ 11, ಆಮೇಲೆ 09 ಹೆಚ್ಚುವುದನ್ನು ಮಕ್ಕಳು ತಾವೇ ಕಂಡುಹಿಡಿಯುತ್ತಾರೆ. ನಡುವೆ ಕೆಎಲ್ 12 ಕಂಡರೆ ವಯನಾಡು, ಟಿಎನ್ 43 ಕಂಡರೆ ನೀಲಗಿರಿ. ಈ ರಸ್ತೆ ಮೈಸೂರಿಗೆ ನಿಲ್ಲುವುದಿಲ್ಲ ಎಂಬುದು ಭೂಪಟ ಬಿಚ್ಚದೆಯೇ ತಿಳಿಯುತ್ತದೆ. ಸಂಖ್ಯೆಯ ನಂತರದ ‘ಎಫ್’ ಸಾರಿಗೆ ನಿಗಮದ ಬಸ್ಸನ್ನು, ‘ಜಿ’ ಸರ್ಕಾರಿ ವಾಹನವನ್ನು ಹೇಳುತ್ತದೆ. ಬಾಡಿಗೆ ಗಾಡಿಗೆ ಹಳದಿ ಫಲಕ, ವಿದ್ಯುತ್ ವಾಹನಕ್ಕೆ ಹಸಿರು, ನಾವೇ ಓಡಿಸಲು ಬಾಡಿಗೆಗೆ ಪಡೆಯುವ ಕಾರಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರ. ಕೊರತೆ ಇಲ್ಲವೆಂದಲ್ಲ. ಫಲಕ ತಿಳಿಸುವುದು ವಾಹನ ನೋಂದಣಿಯಾದ ಊರನ್ನು, ಅದು ಹೊರಟುಬಂದ ಊರನ್ನಲ್ಲ. ಚಿಕ್ಕ ಮಕ್ಕಳಿಗೆ ಅಂಕಿ ಓದುವಷ್ಟರಲ್ಲಿ ಗಾಡಿ ಮಾಯವಾಗಿರುತ್ತದೆ, ಅವರಿಗೆ ಫಲಕದ ಬಣ್ಣ ಗುರುತಿಸುವ ಕೆಲಸ ಕೊಡುವುದು ಒಳ್ಳೆಯದು.

ಕಿಲೋಮೀಟರ್ ಕಲ್ಲುಗಳದ್ದು ಇದರ ತಮ್ಮನಂಥ ಆಟ. ತಲೆಯ ಭಾಗ ಹಳದಿಯಾಗಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾಗಿದ್ದರೆ ರಾಜ್ಯ ಹೆದ್ದಾರಿ, ಕಿತ್ತಳೆಯಾದರೆ ಗ್ರಾಮೀಣ ರಸ್ತೆ. ಹೆದ್ದಾರಿಯ ಸಂಖ್ಯೆಯಲ್ಲೂ ಒಂದು ಒಗಟಿದೆ. 2010ರ ಹೊಸ ಪದ್ಧತಿಯಂತೆ ಸಮ ಸಂಖ್ಯೆಯ ಹೆದ್ದಾರಿ ಉತ್ತರ-ದಕ್ಷಿಣವಾಗಿ, ಬೆಸ ಸಂಖ್ಯೆಯದು ಪೂರ್ವ-ಪಶ್ಚಿಮವಾಗಿ ಸಾಗುತ್ತದೆ. ಮೂರು ಅಂಕಿ ಇದ್ದರೆ ಅದು ಕವಲು, ಕೊನೆಯ ಎರಡು ಅಂಕಿ ಮೂಲ ಹೆದ್ದಾರಿಯದು. ಮೈಸೂರು ರಸ್ತೆಯ ಸಂಖ್ಯೆ 275. ಅಂದರೆ ಹಾಸನ, ಸಕಲೇಶಪುರದ ಮೇಲೆ ಮಂಗಳೂರಿನ ಕಡೆಗೆ ಹೋಗುವ 75ರ ಕವಲು. ಮೈಸೂರು, ಮಡಿಕೇರಿಗಳನ್ನು ಸುತ್ತಿಕೊಂಡು ಇದೂ ಕರಾವಳಿಯತ್ತಲೇ ಇಳಿಯುತ್ತದೆ. ಹದಿಮೂರು, ಹದಿನಾಲ್ಕರ ಮಕ್ಕಳಿಗೆ ಇಂಥ ಗುಟ್ಟು ಸಿಕ್ಕರೆ ಮುಂದಿನ ಅರ್ಧ ಗಂಟೆ ಬೇರೆ ಆಟ ಬೇಕಿಲ್ಲ.

ಈ ಆಟಗಳಿಗೆಲ್ಲ ಕುತ್ತು ತಂದಿರುವುದು ರಸ್ತೆಯೇ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಸುಮಾರು 118 ಕಿಲೋಮೀಟರಿನ ಎಕ್ಸ್‌ಪ್ರೆಸ್‌ವೇ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಬೈಪಾಸಿನಲ್ಲಿ ದಾಟಿಸಿಬಿಡುತ್ತದೆ. ಮೂರು ಗಂಟೆಯ ದಾರಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ. ಆಸ್ಪತ್ರೆಗೆ ಹೋಗುವವರಿಗೆ, ಕೆಲಸಕ್ಕೆ ಓಡಾಡುವವರಿಗೆ ಇದು ದೊಡ್ಡ ಉಪಕಾರ, ಅದನ್ನು ಅಲ್ಲಗಳೆಯುವುದು ತಪ್ಪಾಗುತ್ತದೆ. ಮಕ್ಕಳ ಪ್ರವಾಸದ ದೃಷ್ಟಿಯಿಂದ ನೋಡಿದರೆ ನಷ್ಟವೇ ಹೆಚ್ಚು. ಊರುಗಳು ಹಸಿರು ಫಲಕದ ಮೇಲಿನ ಹೆಸರುಗಳಾಗಿ ಉಳಿದಿವೆ. ಚನ್ನಪಟ್ಟಣದ ಬೊಂಬೆ ಅಂಗಡಿಯವರು, ಹೋಟೆಲಿನವರು ವ್ಯಾಪಾರ ಬಿದ್ದುಹೋಯಿತೆಂದು ದೂರಿದ್ದು ಪತ್ರಿಕೆಗಳಲ್ಲಿ ಬಂದಿತ್ತು. 2023ರ ಆಗಸ್ಟ್‌ನಿಂದ ಬೈಕು, ಆಟೊಗಳಿಗೆ ಮುಖ್ಯ ಪಥದಲ್ಲಿ ಪ್ರವೇಶವಿಲ್ಲ, ಅವು ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಹೀಗಾಗಿ ಕಾರಿನಲ್ಲಿ ಕುಳಿತವರಿಗಿಂತ ಬೈಕಿನಲ್ಲಿ ಹೋಗುವ ಹುಡುಗರೇ ಈಗ ಮೈಸೂರು ದಾರಿಯನ್ನು ಹೆಚ್ಚು ನೋಡುತ್ತಿದ್ದಾರೆ.

ಎಕ್ಸ್‌ಪ್ರೆಸ್‌ವೇ ಬಿಟ್ಟು ಊರೊಳಗಿನ ಹಳೆಯ ರಸ್ತೆ ಹಿಡಿದರೆ ಇಳಿಯಲು ಜಾಗಗಳಿಗೆ ಬರವಿಲ್ಲ, ಆರಿಸುವುದೇ ಕಷ್ಟ. ರಾಮನಗರದಲ್ಲಿ ದೊಡ್ಡವರಿಗೆ ‘ಶೋಲೆ’ ಚಿತ್ರದ ಬಂಡೆಗಳನ್ನು ತೋರಿಸುವ ಉಮೇದು. 1975ರ ಆ ಚಿತ್ರವನ್ನು ನೋಡದ ಮಕ್ಕಳಿಗೆ ಬಂಡೆ ಬರೀ ಬಂಡೆ. ಅದೇ ಊರಿನ ರೇಷ್ಮೆಗೂಡಿನ ಮಾರುಕಟ್ಟೆಗೆ ಬೆಳಗಿನ ಹೊತ್ತು ಕರೆದೊಯ್ದರೆ ತಟ್ಟೆಗಳಲ್ಲಿ ಹರಡಿದ ಹಳದಿ, ಬಿಳಿ ಗೂಡುಗಳನ್ನೂ ಅವು ಹರಾಜಾಗುವ ಬಗೆಯನ್ನೂ ಅವರು ಬಿಟ್ಟಕಣ್ಣು ಮುಚ್ಚದೆ ನೋಡುತ್ತಾರೆ. ಮೂಗಿಗೆ ವಾಸನೆ ಬಡಿಯುತ್ತದೆ, ಅದೂ ಅನುಭವದ ಭಾಗವೇ. ಸಮೀಪದಲ್ಲೇ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ಅಲ್ಲಿನ ಸಂಗ್ರಹ ದೊಡ್ಡದು, ಮಕ್ಕಳ ಗುಂಪಿಗೆ ಪೂರ್ತಿ ತೋರಿಸಲು ಹೋಗಬಾರದು. ವಾದ್ಯಗಳನ್ನೋ ಬೊಂಬೆಗಳನ್ನೋ ಒಂದನ್ನು ಆರಿಸಿಕೊಂಡು ಹೊರಬರುವುದು ಜಾಣತನ.

ಚನ್ನಪಟ್ಟಣ ಈ ದಾರಿಯ ಅತ್ಯುತ್ತಮ ನಿಲುಗಡೆ. ಅಂಗಡಿಯ ಸಾಲಿನಲ್ಲಿ ಗಾಡಿ ನಿಲ್ಲಿಸಿ ಆಟಿಕೆ ಕೊಂಡು ಹೊರಡುವುದು ರೂಢಿಯಲ್ಲಿದೆ, ಅದು ಅರ್ಧ ಕೆಲಸ. ಕುಶಲಕರ್ಮಿಗಳ ಲೇತ್ ನೋಡಲು ಅನುಮತಿ ಕೇಳಬೇಕು. ಗಿರಗಿರ ತಿರುಗುವ ಆಲೆ ಮರದ ತುಂಡಿಗೆ ಉಳಿ ತಾಗಿಸಿದೊಡನೆ ಬುಗುರಿಯ ಆಕಾರ ಬರುತ್ತದೆ. ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಮೇಲೆ ತಾಳೆಗರಿ ಒತ್ತಿದರೆ ಹೊಳಪು. ಇಷ್ಟಕ್ಕೆ ಕೆಲವೇ ನಿಮಿಷ. ಕಣ್ಣೆದುರು ತಯಾರಾದ ಬುಗುರಿಯನ್ನು ಮಗು ಬೇಗ ಕಳೆದುಕೊಳ್ಳುವುದಿಲ್ಲ. ಗೆಳೆಯರ ಗುಂಪಿಗೆ ಕೊಳ್ಳುವಾಗ ಎಲ್ಲರಿಗೂ ಒಂದೇ ಬೆಲೆಯದನ್ನು ಕೊಳ್ಳಬೇಕೆಂಬುದನ್ನು ಅನುಭವಸ್ಥ ತಾಯಂದಿರು ಮರೆಯುವುದಿಲ್ಲ.

ತಿಂಡಿಯ ವಿಷಯದಲ್ಲಿ ಬಿಡದಿಯ ತಟ್ಟೆ ಇಡ್ಲಿ ಬೆಳಗ್ಗೆ, ಮದ್ದೂರು ವಡೆ ಮಧ್ಯಾಹ್ನ ಎಂಬ ಹಳೆಯ ಕ್ರಮಕ್ಕೆ ಬದಲಾವಣೆ ಬೇಡ. ಡಿಸೆಂಬರ್‌ನಿಂದ ಬೇಸಿಗೆಯವರೆಗಿನ ಪ್ರವಾಸವಾದರೆ ಮದ್ದೂರಿನ ಬಳಿ ತಿರುಗಿ ಕೊಕ್ಕರೆ ಬೆಳ್ಳೂರಿಗೆ ಹೋಗಿಬರಬಹುದು. ಊರ ನಡುವಿನ ಹುಣಸೆ, ಅರಳಿ ಮರಗಳ ಮೇಲೆ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿರುತ್ತವೆ. ಮನೆಗಳ ಮಾಡಿನ ಮೇಲೆಯೇ ಅಷ್ಟು ದೊಡ್ಡ ಹಕ್ಕಿಗಳನ್ನು ಕಾಣುವುದು ಯಾವ ಮೃಗಾಲಯದಲ್ಲೂ ಸಾಧ್ಯವಿಲ್ಲ. ಗದ್ದಲ ಮಾಡದ ಗುಂಪಿಗೆ ಮಾತ್ರ ಈ ಸಲಹೆ.

ಶ್ರೀರಂಗಪಟ್ಟಣದಲ್ಲಿ ಮಕ್ಕಳಿಗೆ ಬೇಸರ ತರಿಸುವುದು ಇತಿಹಾಸವಲ್ಲ, ಇತಿಹಾಸವನ್ನು ಇಸವಿಗಳಾಗಿ ಒಪ್ಪಿಸುವ ಕ್ರಮ. 1784ರಲ್ಲಿ ಕಟ್ಟಿದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕದನದ ದೊಡ್ಡ ಚಿತ್ರವಿದೆ. ವಿವರಿಸುವ ಮೊದಲು ಹುಡುಕಲು ಬಿಡಬೇಕು: ಪಲ್ಲಕ್ಕಿಯಲ್ಲಿ ಕುಳಿತ ಇಂಗ್ಲಿಷ್ ಸೇನಾಪತಿ ಬೇಯ್ಲಿ ಎಲ್ಲಿ, ಸಿಡಿಯುತ್ತಿರುವ ಮದ್ದಿನ ಗಾಡಿ ಎಲ್ಲಿ, ಆನೆಗಳು ಎಷ್ಟು. ಹುಡುಕಿ ಸಿಕ್ಕ ಮೇಲೆ ಯಾರು ಗೆದ್ದರು ಎಂದು ಅವರೇ ಕೇಳುತ್ತಾರೆ. ಹದಿನೈದರ ಒಳಗಿನವರಿಗೆ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಪ್ರವೇಶ ಉಚಿತ.

ಸಮೀಪದ ಕಾವೇರಿಗೆ ಇಳಿಯುವ ಆಸೆ ಎಲ್ಲ ಗುಂಪಿಗೂ ಬರುತ್ತದೆ. ಇಲ್ಲಿ ರಿಯಾಯಿತಿಗೆ ಎಡೆಯಿಲ್ಲ. ಬಲಮುರಿ, ಮುತ್ತತ್ತಿಗಳಲ್ಲಿ ಮೇಲೆ ಶಾಂತವಾಗಿ ಕಾಣುವ ನೀರಿನ ಕೆಳಗೆ ಸುಳಿಯೂ ಪಾಚಿಗಟ್ಟಿದ ಬಂಡೆಯೂ ಇವೆ, ಪ್ರವಾಸಿಗರು ಮುಳುಗಿದ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಜೊತೆಗಿರುವವರು ಬೇರೆಯವರ ಮನೆಯ ಮಕ್ಕಳು. ಈಜು ಬರುತ್ತದೆ ಎಂಬ ಅವರ ಮಾತನ್ನು ನಂಬುವಂತಿಲ್ಲ. ಹೊರಡುವ ಮೊದಲೇ ಅವರ ಮನೆಯವರಿಂದ ಯಾವ ತಿಂಡಿ ಒಗ್ಗುವುದಿಲ್ಲ, ಯಾವ ಮಾತ್ರೆ ಬೇಕು, ಯಾರಿಗೆ ಫೋನ್ ಮಾಡಬೇಕು ಎಂದು ಬರೆದಿಟ್ಟುಕೊಳ್ಳುವುದು ಎಲ್ಲ ಆಟಗಳಿಗಿಂತ ಮೊದಲಿನ ಕೆಲಸ. ಕಿಟಕಿ ಬದಿಯ ಸೀಟನ್ನು ಪ್ರತಿ ನಿಲುಗಡೆಯಲ್ಲೂ ಬದಲಿಸುವ ಕಟ್ಟಳೆಯನ್ನೂ ಆಗಲೇ ಹೇಳಿಬಿಡುವುದು ಮೇಲು. ಮನೆಯ ಮಗುವಿಗೇ ಕಿಟಕಿ, ಗೆಳೆಯರಿಗೆ ನಡುಸೀಟು ಎಂದಾದರೆ ಜಗಳ ಖಚಿತ.

ಇಷ್ಟೆಲ್ಲ ನಿಲುಗಡೆಗಳನ್ನು ಒಂದೇ ದಿನದಲ್ಲಿ ತುರುಕುವುದು ಆಗದ ಮಾತು. ಹೋಗುವಾಗ ಹಳೆಯ ರಸ್ತೆಯಲ್ಲಿ ಎರಡು ಕಡೆ ಇಳಿದು, ಬರುವಾಗ ಮಕ್ಕಳು ನಿದ್ದೆಹೋದ ಮೇಲೆ ಎಕ್ಸ್‌ಪ್ರೆಸ್‌ವೇ ಹಿಡಿಯುವುದು ವಾಸಿ. ಅಲ್ಲಿ ವೇಗದ ಮಿತಿ ಗಂಟೆಗೆ 100 ಕಿಲೋಮೀಟರ್, ದಾರಿಯುದ್ದಕ್ಕೂ ಕ್ಯಾಮೆರಾಗಳಿವೆ.