ಸಿ ಫಾರ್ ಕಾರ್

ಭೂತಾನದ ‘ಲುನಾನಾ: ಎ ಯಾಕ್ ಇನ್ ದ ಕ್ಲಾಸ್‌ರೂಮ್’ ಚಿತ್ರವನ್ನು ಮೊದಲ ಸಲ ನೋಡಿದಾಗ ಅತ್ತುಬಿಟ್ಟೆ. ಎರಡನೆಯ ಸಲ ಯೋಚನೆಗೆ ಬಿದ್ದೆ. ಪಾವೊ ಚೋಯ್ನಿಂಗ್ ದೋರ್ಜಿ ನಿರ್ದೇಶಿಸಿದ 2019ರ ಈ ಚಿತ್ರ 2022ರಲ್ಲಿ ಆಸ್ಕರ್‌ನ ಅಂತಿಮ ಪಟ್ಟಿಯವರೆಗೂ ಹೋಗಿತ್ತು.

ಕಥೆ ಸರಳ. ಥಿಂಪುವಿನ ತರುಣ ಶಿಕ್ಷಕ ಉಗ್ಯೆನ್‌ಗೆ ಪಾಠ ಮಾಡುವ ಮನಸ್ಸಿಲ್ಲ. ಆಸ್ಟ್ರೇಲಿಯಾಕ್ಕೆ ಹೋಗಿ ಹಾಡುಗಾರನಾಗುವ ಆಸೆ. ಸರಕಾರ ಅವನನ್ನು ಹಿಮಾಲಯದ ತುದಿಯ ಲುನಾನಾಕ್ಕೆ ಕಳಿಸುತ್ತದೆ. ದಿನಗಟ್ಟಲೆ ಕಾಲ್ನಡಿಗೆ. ಶಾಲೆಯಲ್ಲಿ ಕರಿಹಲಗೆಯೂ ಇಲ್ಲ. ತರಗತಿಯ ನಾಯಕಿ ಪುಟ್ಟ ಪೇಮ್ ಜಾಮ್, ಮಲಗಿರುವ ಮೇಷ್ಟ್ರನ್ನು ಬಾಗಿಲು ತಟ್ಟಿ ಕರೆಯುತ್ತಾಳೆ. ‘ಸಿ ಫಾರ್ ಕಾರ್’ ಎಂದು ಶುರುಮಾಡಿದರೆ ಮಕ್ಕಳು ಕಾರನ್ನೇ ಕಂಡವರಲ್ಲ. ಅವನು ‘ಸಿ ಫಾರ್ ಕೌ’ ಎಂದು ತಿದ್ದಿಕೊಳ್ಳುತ್ತಾನೆ. ಮೇಷ್ಟ್ರೇ ಪಾಠ ಕಲಿಯುವ ಈ ಗಳಿಗೆ ನನಗೆ ಬಹಳ ಇಷ್ಟವಾಯಿತು.

ಆದರೆ ಈ ‘ಸಿ’ ಆ ಬೆಟ್ಟಕ್ಕೆ ಬಂದದ್ದು ಹೇಗೆ? ಚಿತ್ರ ಕೇಳದ ಪ್ರಶ್ನೆ ಇದು. 1961ರಲ್ಲಿ ಶುರುವಾದ ಭೂತಾನದ ಮೊದಲ ಪಂಚವಾರ್ಷಿಕ ಯೋಜನೆಯ ಹಣವೆಲ್ಲ ಭಾರತದ್ದು. ಮೊದಮೊದಲು ಪಠ್ಯಪುಸ್ತಕಗಳು ಹಿಂದಿಯವು; ಅರವತ್ತರ ದಶಕದಲ್ಲಿ ಇಂಗ್ಲಿಷ್ ಮಾಧ್ಯಮ ಬಂತು. ನಮ್ಮ ದೇಶದಿಂದ, ಅದರಲ್ಲೂ ಕೇರಳದಿಂದ ಹೋದ ಶಿಕ್ಷಕರು ಅಲ್ಲಿನ ಗುಡ್ಡಗಾಡಿನಲ್ಲಿ ವರ್ಷಗಟ್ಟಲೆ ದುಡಿದರು. 1963ರಲ್ಲಿ ಹೋದ ಕೆನಡಾದ ಪಾದ್ರಿ ವಿಲಿಯಂ ಮ್ಯಾಕಿ ಆ ದೇಶದ ಪ್ರಜೆಯೇ ಆಗಿಬಿಟ್ಟರು. ಕಾಂಗ್ಲುಂಗ್‌ನ ಶೆರುಬ್ಸೆ ಶಾಲೆ 1983ರಲ್ಲಿ ಪದವಿ ಕಾಲೇಜಾದಾಗ ಡಿಗ್ರಿ ಕೊಟ್ಟದ್ದು ದೆಹಲಿ ವಿಶ್ವವಿದ್ಯಾಲಯ.

ಈ ನೆರವು ಬೇಡವಾಗಿತ್ತು ಎನ್ನಲಾರೆ. ಅದಿಲ್ಲದಿದ್ದರೆ ಎಷ್ಟೋ ಹೆಣ್ಣುಮಕ್ಕಳು ಶಾಲೆಯ ಮೆಟ್ಟಿಲನ್ನೇ ತುಳಿಯುತ್ತಿರಲಿಲ್ಲ. ಆದರೆ ಹೊರಗಿನವರು ತಂದ ಭಾಷೆ ಹೊರಗೆ ಹೋಗುವುದಕ್ಕೂ ಬಾಗಿಲಾಗುತ್ತದೆ. ಇಂಗ್ಲಿಷ್ ಬಲ್ಲ ಭೂತಾನದ ಶಿಕ್ಷಕರು ಇತ್ತೀಚಿನ ವರ್ಷಗಳಲ್ಲಿ ದೊಡ್ಡ ಸಂಖ್ಯೆಯಲ್ಲಿ ಆಸ್ಟ್ರೇಲಿಯಾಕ್ಕೆ ಹೋಗಿದ್ದಾರೆ. ನೆರವಿನ ಲೆಕ್ಕಪತ್ರದಲ್ಲಿ ಈ ಖರ್ಚನ್ನು ಯಾರೂ ಬರೆಯುವುದಿಲ್ಲ. ಚಿತ್ರವಂತೂ ಎಲ್ಲವನ್ನೂ ಒಬ್ಬ ಹುಡುಗನ ಚಂಚಲ ಮನಸ್ಸಿನ ಮೇಲೆ ಹಾಕಿ ಕೈತೊಳೆದುಕೊಳ್ಳುತ್ತದೆ.

ಹೆಂಗಸಾಗಿ ನನಗೆ ಇನ್ನೊಂದು ಕಸಿವಿಸಿ. ಯಾಕ್‌ನ ಹಾಡನ್ನು ಅವನಿಗೆ ಕಲಿಸುವವಳು ಅದೇ ಊರಿನ ಸಾಲ್ಡನ್. ಅವಳು ಬೆಟ್ಟದಲ್ಲೇ ಉಳಿಯುತ್ತಾಳೆ. ಅವನು ಅದನ್ನು ಸಿಡ್ನಿಯ ಬಾರಿನಲ್ಲಿ ಹಾಡುತ್ತಾನೆ. ನಮ್ಮ ಕಣ್ಣೀರೆಲ್ಲ ಅವನಿಗೇ ಸಲ್ಲುತ್ತದೆ. ಬಿಟ್ಟುಹೋದವನ ಹಂಬಲ ಕಲೆಯಾಗುತ್ತದೆ, ಉಳಿದವಳ ಬದುಕು ಬರೀ ಹಿನ್ನೆಲೆ. ಅಜ್ಜಿಯ ಆಸರೆಯಲ್ಲಿರುವ ಪೇಮ್ ಜಾಮ್ ಮತ್ತೊಬ್ಬ ಮೇಷ್ಟ್ರಿಗಾಗಿ ಕಾಯಬೇಕು.

ನಾನೂ ಇಂಗ್ಲಿಷ್ ಪಾಠ ಹೇಳಿದವಳು. ‘ಚೆನ್ನಾಗಿ ಓದು, ಈ ಊರಿಂದ ಪಾರಾಗು’ ಎಂದು ಅದೆಷ್ಟು ಮಕ್ಕಳಿಗೆ ಹರಸಿದ್ದೆನೋ! ಓದಿಯೂ ಊರಲ್ಲೇ ಉಳಿದವರಿಗೆ ಆ ಮಾತು ಹೇಗೆ ಕೇಳಿಸಿತ್ತೋ ಎಂದು ಒಮ್ಮೆಯೂ ಯೋಚಿಸಲಿಲ್ಲ. ಎರಡನೆಯ ಸಲ ನನಗೆ ಅಳು ಬಾರದ್ದು ಅದಕ್ಕೇ.