ರೂಪಾಂತರದಲ್ಲಿ ಧ್ವನಿ: ವಾದ್ಯದಿಂದ ವಾದ್ಯಕ್ಕೆ ಸಾಗುವ ಸಂಗೀತ

ಒಂದು ವಾದ್ಯಕ್ಕಾಗಿ ಹುಟ್ಟಿದ ಸಂಗೀತವನ್ನು ಮತ್ತೊಂದಕ್ಕೆ ಅಳವಡಿಸುವುದು ಎಷ್ಟು ಯೋಗ್ಯ ಎಂಬುದು ಪಾಶ್ಚಾತ್ಯ ಸಂಗೀತ ವಿಮರ್ಶೆಯ ಹಳೆಯ ಜಿಜ್ಞಾಸೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯ ಜನಪದ ಸಂಗೀತದ ಅಧ್ಯಯನಕ್ಕೂ ಅದು ಹೊರತಾದುದಲ್ಲ. ಗ್ರಾಮದೇವತೆಯ ಮುಂದೆ ನಡೆಯುವ ಸೋಮನ ಕುಣಿತದ ಮೌರಿಯ ವರಸೆಯನ್ನು ಹಾರ್ಮೋನಿಯಂಗೆ ಇಳಿಸಿದಾಗ ಉಳಿಯುವುದೇನು, ಅಳಿಯುವುದೇನು ಎಂದು ನಿರ್ಣಯಿಸಲು ಒಂದು ಅಳತೆಗೋಲು ಬೇಕಾಗುತ್ತದೆ. ಅದು ಇದೇ ಸೀಮೆಯ ಇಬ್ಬರು ವಿದ್ವಾಂಸರಲ್ಲಿ ದೊರೆಯುತ್ತದೆ.

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರಾದ ತೀ.ನಂ. ಶ್ರೀಕಂಠಯ್ಯ (1906–1966) 'ಭಾರತೀಯ ಕಾವ್ಯಮೀಮಾಂಸೆ'ಯಲ್ಲಿ ಧ್ವನಿತತ್ತ್ವವನ್ನು ಕನ್ನಡಕ್ಕೆ ವಿಶದಪಡಿಸಿದರು. ಬಾಯಿಬಿಟ್ಟು ಹೇಳಿದ್ದು ವಾಚ್ಯ. ಹೇಳದೆಯೇ ಹೊಳೆಯುವುದು ಧ್ವನಿ. ಜರ್ಮನಿಯ ಜೊಹಾನ್ ಸೆಬಾಸ್ಟಿಯನ್ ಬಾಖ್‌ನ ಒಂಟಿ ಪಿಟೀಲಿನ ಆರು ಕೃತಿಗಳಿಗೆ (ಹಸ್ತಪ್ರತಿಯ ಕಾಲ 1720) ಈ ತತ್ತ್ವ ಚೆನ್ನಾಗಿ ಒಪ್ಪುತ್ತದೆ. ನಾಲ್ಕು ತಂತಿಗಳ ಪಿಟೀಲಿನಲ್ಲಿ ಕಮಾನು ಹಲವು ಸ್ವರಗಳನ್ನು ಒಟ್ಟಿಗೆ ಹಿಡಿದು ನಿಲ್ಲಿಸಲಾರದು. ಒಂದೇ ಎಳೆ ಮೇಲೆ ಕೆಳಗೆ ಜಿಗಿಯುತ್ತ ಹಲವು ಎಳೆಗಳನ್ನು ಸೂಚಿಸುತ್ತದೆ. ಬಿಟ್ಟುದನ್ನು ಕೇಳುಗನ ಕಿವಿ ತುಂಬಿಕೊಳ್ಳುತ್ತದೆ.

ಎರಡನೆಯ ಪಾರ್ಟಿಟಾದ 'ಷಾಕೋನ್' ಭಾಗವನ್ನು ಪಿಯಾನೋಗೆ ತಂದ ಇಬ್ಬರನ್ನು ಇಲ್ಲಿ ಹೋಲಿಸಬಹುದು. 1877ರಲ್ಲಿ ಬ್ರಾಮ್ಸ್ ಅದನ್ನು ಎಡಗೈಯೊಂದಕ್ಕೇ ಅಳವಡಿಸಿದನು. ಪಿಟೀಲುವಾದಕನ ಇಕ್ಕಟ್ಟಿಗೆ ಸಮನಾದ ಇಕ್ಕಟ್ಟನ್ನು ಪಿಯಾನೋದಲ್ಲಿ ಕಲ್ಪಿಸಿದ್ದರಿಂದ ಧ್ವನಿ ಉಳಿಯಿತು. ಬುಸೋನಿಯಾದರೋ ಎರಡು ಕೈಗಳ ಪೂರ್ಣ ಬಲವನ್ನು ಬಳಸಿ, ಸೂಚ್ಯವಾಗಿದ್ದುದನ್ನೆಲ್ಲ ವಾಚ್ಯವಾಗಿಸಿದನು.

ಹಾಗೆಂದು ಬುಸೋನಿಯದು ವಿಫಲ ಯತ್ನವೆಂದು ತಳ್ಳಿಹಾಕುವಂತಿಲ್ಲ. ಇಲ್ಲಿ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಜನಿಸಿದ ಬಿ.ಎಂ. ಶ್ರೀಕಂಠಯ್ಯನವರ (1884–1946) ನಿದರ್ಶನ ನೆರವಾಗುತ್ತದೆ. 'ಇಂಗ್ಲಿಷ್ ಗೀತಗಳು' ಮೂಲದ ಭಾವಕ್ಕೆ ಕನ್ನಡದ ಲಯದಲ್ಲಿ ಸಮಾನವಾದ ಕಟ್ಟನ್ನು ಕಂಡುಕೊಂಡಿತು; ಇದು ಬ್ರಾಮ್ಸನ ಮಾರ್ಗ. ಸಾಫೊಕ್ಲಿಸನ 'ಏಜಾಕ್ಸ್' ನಾಟಕವು ಮಹಾಭಾರತದ ಲೋಕಕ್ಕೆ ಬಂದು 'ಅಶ್ವತ್ಥಾಮನ್' ಆದಾಗ ಹೊಸ ನಾಟಕವೇ ಹುಟ್ಟಿತು. ಅದನ್ನು ಹೊಸ ಕೃತಿಯಾಗಿಯೇ ತೂಗಬೇಕು. ಬುಸೋನಿಯ ಮಾರ್ಗ ಇದಕ್ಕೆ ಸಮೀಪವಾದುದು. ಬಾಖ್ ತಾನೇ ಮೂರನೆಯ ಪಾರ್ಟಿಟಾದ ಪೀಠಿಕೆಯನ್ನು 1731ರಲ್ಲಿ ಚರ್ಚಿನ ಗಾಯನಕೃತಿಯೊಂದಕ್ಕೆ ಆರ್ಗನ್ ಮತ್ತು ವಾದ್ಯವೃಂದಕ್ಕಾಗಿ ವಿಸ್ತರಿಸಿದ್ದನೆಂಬುದೂ ಗಮನಾರ್ಹ. ರೂಪಾಂತರವೇ ದೋಷವಲ್ಲ. ಧ್ವನಿಯನ್ನೂ ಉಳಿಸದೆ, ಹೊಸತನ್ನೂ ಕಟ್ಟದೆ, ಬರಿಯ ಸ್ವರಗಳನ್ನು ಸಾಗಿಸುವುದು ದೋಷ.

ಮೌರಿಯ ವರಸೆಯನ್ನು ಈ ಅಳತೆಗೋಲಿನಿಂದ ನೋಡಬೇಕು. ಊದುವವನ ಉಸಿರು, ಸ್ವರದಿಂದ ಸ್ವರಕ್ಕೆ ಜಾರುವ ಎಳೆತ, ಅರೆಯ ಪೆಟ್ಟಿಗೆ ಕೊಡುವ ಮಾರುತ್ತರ, ಸೋಮನನ್ನು ಹೊತ್ತವನ ಹೆಜ್ಜೆ ಇವೆಲ್ಲ ಕೂಡಿ ಆ ವರಸೆ ಅರ್ಥ ಪಡೆಯುತ್ತದೆ. ಹಾರ್ಮೋನಿಯಂನ ಮನೆಗಳು ಸ್ಥಿರವಾದವು. ಜಾರು ಅಲ್ಲಿ ಸಾಧ್ಯವಿಲ್ಲ. ಧಾಟಿಯನ್ನಷ್ಟೇ ಅದರಲ್ಲಿ ನುಡಿಸಿ 'ಸೋಮನ ವರಸೆ' ಎಂದು ದಾಖಲಿಸಿದರೆ ಮುಂದಿನ ಸಂಶೋಧಕನು ಆ ಅಸ್ಥಿಪಂಜರವನ್ನೇ ಮೂಲವೆಂದು ನಂಬುವ ಅಪಾಯವಿದೆ. ಸ್ವರಲಿಪಿಗೂ ಇದೇ ಮಾತು ಸಲ್ಲುತ್ತದೆ.

ಮನೆಗಳುಳ್ಳ ವಾದ್ಯಕ್ಕೆ ಗಮಕ ಒಲಿಯದೆಂಬ ತೀರ್ಮಾನವೂ ಅವಸರದ್ದು. ನಾಗಸ್ವರ ವಾದಕರ ಮಗನಾದ ಕದ್ರಿ ಗೋಪಾಲನಾಥರು (1949–2019) ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸಫೋನಿಗೆ ಕರ್ನಾಟಕ ಸಂಗೀತವನ್ನು ದೀರ್ಘ ಸಾಧನೆಯಿಂದ ಒಲಿಸಿಕೊಂಡರು. ಅಲ್ಲಿ ಹೊಸ ವಾದ್ಯವು ಹಳೆಯ ಉಸಿರನ್ನು ಕಲಿತಿತು.

ಆದುದರಿಂದ ಮೌರಿಯನ್ನು ಅದರ ಮೇಳ, ಕುಣಿತಗಳೊಡನೆ ಮೊದಲು ಧ್ವನಿಮುದ್ರಿಸಿಕೊಳ್ಳಬೇಕು. ಅಳವಡಿಕೆ ಆಮೇಲಿನ ಕೆಲಸ. ಮೂಲವು ಕೈಯಲ್ಲಿದ್ದರೆ ರೂಪಾಂತರವು ಅದರ ವ್ಯಾಖ್ಯಾನವಾಗುತ್ತದೆ. ಇಲ್ಲದಿದ್ದರೆ ಅದರ ಸ್ಥಾನವನ್ನೇ ಆಕ್ರಮಿಸುತ್ತದೆ.