ಚಿರಂಜೀವಿಯನ್ನು ಕೊಂದ ಅಪವಾದ

ಬಿ.ಎಂ.ಶ್ರೀ. ತಮ್ಮ 'ಅಶ್ವತ್ಥಾಮನ್' ನಾಟಕದಲ್ಲಿ ಚಿರಂಜೀವಿಯನ್ನು ಕೊಂದರು ಎಂಬ ಮಾತು ಕನ್ನಡ ವಿಮರ್ಶೆಯಲ್ಲಿ ಸವೆದು ಸವೆದು ನುಣುಪಾಗಿದೆ. ಎಂ.ಎ. ತರಗತಿಯ ಟಿಪ್ಪಣಿಗಳಲ್ಲಿ ಅದಿದೆ, ಉಪನ್ಯಾಸಕ ಹುದ್ದೆಯ ಪರೀಕ್ಷೆಗೆ ಓದುವವರ ಗೈಡುಗಳಲ್ಲಿ ಅದಿದೆ. ಈಚೆಗೆ ಯಲಹಂಕ ಉಪನಗರದ ಒಂದು ಗೋಷ್ಠಿಯಲ್ಲಿ ಭಾಷಣಕಾರರೊಬ್ಬರು ಅದನ್ನೇ ಹೇಳಿ, ಅದಕ್ಕೊಂದು ಬಾಲವನ್ನೂ ಅಂಟಿಸಿದರು: ಗ್ರೀಕರ ದೇವತೆಗಳು ಕ್ರೂರಿಗಳು, ಚಂಚಲರು, ನಮ್ಮ ದೇವರು ಕರುಣಾಳು, ಅದಕ್ಕೇ ಅವರಲ್ಲಿ ರುದ್ರನಾಟಕ ಹುಟ್ಟಿತು, ನಮ್ಮಲ್ಲಿ ಹುಟ್ಟಲಿಲ್ಲ, ಶ್ರೀಯವರು ತಂದು ನೆಟ್ಟ ಸಸಿ ಈ ಮಣ್ಣಿಗೆ ಹಿಡಿಯಲಿಲ್ಲ. ಸಭೆ ತಲೆಯಾಡಿಸಿತು. ಈ ಲೇಖನ ಆ ತಲೆಯಾಟದ ವಿರುದ್ಧ.

ಶ್ರೀಯವರ ಮೂರು ರುದ್ರನಾಟಕಗಳನ್ನು ಓದುಗರಿಗೆ ಪರಿಚಯಿಸಬೇಕಾಗಿಲ್ಲ. 1926ರ 'ಗದಾಯುದ್ಧ ನಾಟಕಂ' ರನ್ನನಿಂದ ಬಂದದ್ದು. 1929ರ 'ಅಶ್ವತ್ಥಾಮನ್' ಸಾಫೊಕ್ಲಿಸನ 'ಅಜಾಕ್ಸ್' ನಾಟಕವನ್ನು ಮಹಾಭಾರತಕ್ಕೆ ಹೊಂದಿಸಿಕೊಂಡದ್ದು. 1935ರ 'ಪಾರಸಿಕರು' ಈಸ್ಕಿಲಸನ ನೇರ ಅನುವಾದ. ಇವುಗಳಲ್ಲಿ ಪಂಡಿತರ ಮೆಚ್ಚುಗೆ ಹೆಚ್ಚಾಗಿ ಸಂದದ್ದು ಮೊದಲನೆಯದಕ್ಕೆ. ರನ್ನನ ದುರ್ಯೋಧನ ಮೊದಲೇ ನಮ್ಮವನು. ಮೂರನೆಯದಕ್ಕೆ ಗೌರವ ಸಂದಿತು, ಪ್ರೀತಿ ಸಲ್ಲಲಿಲ್ಲ. ಏಟು ತಿಂದದ್ದು ನಡುವಿನದು. ನನ್ನ ಪಕ್ಷಪಾತ ಆ ನಡುವಿನದರ ಕಡೆಗೇ, ಅದನ್ನು ಮುಚ್ಚಿಡುವ ಉದ್ದೇಶ ನನಗಿಲ್ಲ. 'ಪಾರಸಿಕರು' ಬರೆದಾಗ ಶ್ರೀಯವರು ಒಳ್ಳೆಯ ಅನುವಾದಕರಾಗಿದ್ದರು, ಅಷ್ಟೆ. 'ಅಶ್ವತ್ಥಾಮನ್' ಬರೆದಾಗ ಅವರು ದೇವರೊಂದಿಗೆ ವ್ಯಾಜ್ಯಕ್ಕೆ ನಿಂತ ಕವಿ.

ಸಾಫೊಕ್ಲಿಸನ ಕಥೆ ಇಷ್ಟು. ಸತ್ತ ಅಖಿಲೀಸನ ಆಯುಧಗಳು ತನಗೆ ಬರಬೇಕಾಗಿತ್ತೆಂದು ಅಜಾಕ್ಸ್‌ನ ನಂಬಿಕೆ. ಅವು ಒಡಿಸ್ಸಿಯಸ್‌ಗೆ ಹೋದವು. ಅವಮಾನದಿಂದ ಕುದಿದ ಅಜಾಕ್ಸ್ ರಾತ್ರಿ ಕತ್ತಿ ಹಿರಿದು ತನ್ನ ಪಾಳೆಯದ ನಾಯಕರನ್ನೇ ಕೊಲ್ಲಲು ಹೊರಡುತ್ತಾನೆ. ಅಥೀನಾ ದೇವಿ ಅವನ ಬುದ್ಧಿಗೆ ಮಂಕು ಕವಿಸುತ್ತಾಳೆ. ಅವನು ನಾಯಕರೆಂದು ತಿಳಿದು ದನಕುರಿಗಳನ್ನು ಕಡಿಯುತ್ತಾನೆ. ಭ್ರಮೆ ಹರಿದಾಗ ನಾಚಿಕೆ ಉಳಿಯುತ್ತದೆ. ಶತ್ರು ಹೆಕ್ಟರ್ ಕೊಟ್ಟಿದ್ದ ಕತ್ತಿಯನ್ನು ನೆಲಕ್ಕೆ ನೆಟ್ಟು ಅದರ ಮೇಲೆ ಬೀಳುತ್ತಾನೆ. ಇಂಥವನ ಜಾಗಕ್ಕೆ ಮಹಾಭಾರತದಿಂದ ಒಬ್ಬನನ್ನು ಆರಿಸಬೇಕಾದರೆ ಯಾರು ಸಿಗುತ್ತಾರೆ? ಕರ್ಣ ಯುದ್ಧದಲ್ಲಿ ಸತ್ತ, ದುರ್ಯೋಧನ ತೊಡೆಯೊಡೆದು ಬಿದ್ದ. ರಾತ್ರಿ ಪಾಳೆಯಕ್ಕೆ ನುಗ್ಗಿ ಮಲಗಿದ್ದವರನ್ನು ಕಡಿದವನು ಒಬ್ಬನೇ, ಅಶ್ವತ್ಥಾಮ. ಶ್ರೀಯವರ ಆಯ್ಕೆಯಲ್ಲಿ ಬಲವಂತವೇನೂ ಇಲ್ಲ. ಬೇರೆ ಆಯ್ಕೆಯೇ ಇರಲಿಲ್ಲ.

ಆದರೆ ಅವನು ಚಿರಂಜೀವಿಯಲ್ಲವೆ, ಆತ್ಮಹತ್ಯೆ ಹೇಗೆ ಮಾಡಿಕೊಂಡಾನು? ಈ ಪ್ರಶ್ನೆ ಹಾಕುವವರ ಮನಸ್ಸಿನಲ್ಲಿರುವುದು ಬೆಳಿಗ್ಗೆ ಎದ್ದು ಹೇಳುವ ಏಳು ಚಿರಂಜೀವಿಗಳ ಶ್ಲೋಕ. ಅಲ್ಲಿ ಅಶ್ವತ್ಥಾಮ ಹನುಮಂತ, ವಿಭೀಷಣರ ಸಾಲಿನಲ್ಲಿ ಗೌರವದಿಂದ ಕೂತಿದ್ದಾನೆ. ಮಹಾಭಾರತದ ಸೌಪ್ತಿಕಪರ್ವ ತೆರೆದು ನೋಡಿ. ಅಲ್ಲಿ ಅವನಿಗೆ ಸಿಕ್ಕ ಆಯುಸ್ಸು ವರವಲ್ಲ, ಕೃಷ್ಣನ ಶಾಪ: ಮೂರು ಸಾವಿರ ವರ್ಷ ಕೀವು ರಕ್ತ ನಾರುತ್ತ, ಮಾತಾಡಿಸುವವರಿಲ್ಲದೆ ಒಬ್ಬಂಟಿಯಾಗಿ ಅಲೆ ಎಂಬ ಶಾಪ. ಸಾಯಲು ಬಿಡದಿರುವುದೇ ಅವನಿಗೆ ಕೊಟ್ಟ ಶಿಕ್ಷೆ. ಶ್ರೀಯವರು ಅವನನ್ನು ಕೊಂದರು ಎನ್ನುವುದಕ್ಕಿಂತ, ಕೃಷ್ಣ ನಿರಾಕರಿಸಿದ್ದ ಬಿಡುಗಡೆಯನ್ನು ಕೊಟ್ಟರು ಎನ್ನಬೇಕು. ಒಬ್ಬ ಮೇಷ್ಟ್ರು, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದವರು, ಕೃಷ್ಣನ ತೀರ್ಪನ್ನು ಮೇಲ್ಮನವಿಗೆ ಒಯ್ದರು. ಇದಕ್ಕಿಂತ ದಿಟ್ಟ ಕೆಲಸವನ್ನು ನಮ್ಮ ನವೋದಯ ಮಾಡಿತೆಂದು ನನಗನಿಸುವುದಿಲ್ಲ.

ಇನ್ನು ಕರುಣಾಳು ದೇವರ ಮಾತು. ಅದೇ ಸೌಪ್ತಿಕಪರ್ವದಲ್ಲಿ ಅಶ್ವತ್ಥಾಮ ಪಾಂಡವರ ಪಾಳೆಯದ ಬಾಗಿಲಿಗೆ ಬಂದಾಗ ಭೀಕರವಾದೊಂದು ಆಕೃತಿ ದಾರಿ ಕಟ್ಟಿ ನಿಲ್ಲುತ್ತದೆ. ಅವನ ಆಯುಧಗಳೆಲ್ಲ ಅದರೊಳಗೆ ಮಾಯವಾಗುತ್ತವೆ. ಕೊನೆಗೆ ಅವನು ತನ್ನನ್ನೇ ಬೆಂಕಿಗೆ ಒಪ್ಪಿಸಿಕೊಳ್ಳಲು ಹೋಗುತ್ತಾನೆ. ಆಗ ಶಿವ ಪ್ರತ್ಯಕ್ಷನಾಗಿ, ಕೈಗೆ ಖಡ್ಗ ಕೊಟ್ಟು, ಅವನ ಮೈಯೊಳಕ್ಕೇ ಹೊಕ್ಕುಬಿಡುತ್ತಾನೆ. ಆಮೇಲೆ ನಡೆದದ್ದು ನಿದ್ದೆಯಲ್ಲಿದ್ದವರ ಕಗ್ಗೊಲೆ. ಧೃಷ್ಟದ್ಯುಮ್ನನಿಗೆ ಆಯುಧದಿಂದ ಸಾಯುವ ಮರ್ಯಾದೆಯೂ ಸಿಗಲಿಲ್ಲ, ಒದೆ ತಿಂದು ಸತ್ತ. ದ್ರೌಪದಿಯ ಐವರು ಮಕ್ಕಳೂ ಹೋದರು. ಈಗ ಅಥೀನಾಳನ್ನು ಪಕ್ಕಕ್ಕೆ ನಿಲ್ಲಿಸಿ ಹೋಲಿಸಿ. ಅವಳು ಮರುಳು ಹಿಡಿಸಿದಳು ನಿಜ, ಆದರೆ ಸತ್ತದ್ದು ಹೆಚ್ಚಾಗಿ ದನಕುರಿ, ಗುರಿಯಾಗಿದ್ದ ನಾಯಕರು ಉಳಿದರು. ನಮ್ಮ ರುದ್ರ ಕಣ್ಣು ಕಟ್ಟಲಿಲ್ಲ, ಕತ್ತಿ ಕೊಟ್ಟ, ಮಕ್ಕಳೇ ಸತ್ತರು. ಇಬ್ಬರಲ್ಲಿ ಭಯಂಕರರು ಯಾರೆಂದು ಯಲಹಂಕದ ಭಾಷಣಕಾರರು ಹೇಳಲಿ. ರುದ್ರನಾಟಕಕ್ಕೆ ಬೇಕಾದ ದೇವರು ನಮ್ಮಲ್ಲಿ ಸದಾ ಇದ್ದರು. ಇಲ್ಲದಿದ್ದದ್ದು ಅವರನ್ನು ಕಣ್ಣೆತ್ತಿ ನೋಡುವ ಅಭ್ಯಾಸ. ಶ್ರೀಯವರು ಗ್ರೀಸಿನಿಂದ ತಂದದ್ದು ಆ ಅಭ್ಯಾಸವನ್ನೇ ಹೊರತು ದೇವರನ್ನಲ್ಲ.

'ಅಜಾಕ್ಸ್' ನಾಟಕದ ಎರಡನೆಯ ಅರ್ಧವನ್ನು ಪಶ್ಚಿಮದ ವಿದ್ವಾಂಸರೂ ಬಹುಕಾಲ ಆಕ್ಷೇಪಿಸುತ್ತ ಬಂದಿದ್ದಾರೆ. ನಾಯಕ ಸತ್ತ ಮೇಲೆ ಹೆಣ ಹೂಳಬೇಕೋ ಬೇಡವೋ ಎಂಬ ಜಗಳ ಅಷ್ಟು ಹೊತ್ತು ಯಾಕೆ? ಹೆಬ್ಬಾಳದ ಕಡೆಯವರಿಗೆ ಈ ಅನುಮಾನ ಬರಬಾರದು. 2018ರಲ್ಲಿ ಅಲ್ಲಿ ಚರಂಡಿ ಕೆಲಸಕ್ಕೆ ನೆಲ ಅಗೆದಾಗ ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ವೀರಗಲ್ಲೊಂದು ಸಿಕ್ಕಿತು. ದಾಳಿಗೆ ಎದುರಾಗಿ ಕಾದಿ ಸತ್ತ ಕಿತ್ತಯ್ಯನೆಂಬವನ ಕಲ್ಲು. ಬೆಂಗಳೂರಿನ ಅತಿ ಹಳೆಯ ಕನ್ನಡ ಶಾಸನಗಳಲ್ಲೊಂದು. ಸತ್ತವನಿಗೆ ಕಲ್ಲು ನಿಲ್ಲಿಸಿ, ಅವನನ್ನು ದೇವರ ಪಕ್ಕಕ್ಕೆ ಕಳಿಸಿ, ಊರು ಕೈ ಮುಗಿಯುವುದು ನಮ್ಮ ನಾಡಿನ ಸಾವಿರ ಊರುಗಳ ಪದ್ಧತಿ. ಗ್ರೀಕರಲ್ಲೂ ಇದೇ ಇತ್ತು. ಅಥೆನ್ಸಿನ ಹತ್ತು ಕುಲಗಳಲ್ಲಿ ಒಂದಕ್ಕೆ ಅಜಾಕ್ಸ್‌ನ ಹೆಸರು. ಕ್ರಿ.ಪೂ. 480ರಲ್ಲಿ ಸಾಲಮಿಸ್ ಕದನಕ್ಕೆ ಮುಂಚೆ ಗ್ರೀಕರು ನೆರವಿಗೆ ಕರೆದವರಲ್ಲಿ ಅಜಾಕ್ಸ್ ಒಬ್ಬ. ಆ ಕದನವೇ 'ಪಾರಸಿಕರು' ನಾಟಕದ ವಸ್ತು. ಹೆಣ ಹೂಳುವ ಜಗಳ ಅವರಿಗೆ ಶವಸಂಸ್ಕಾರದ ವಿವರವಾಗಿರಲಿಲ್ಲ. ಒಬ್ಬ ಪಾಪಿ ವೀರನಾಗಿ ಊರಿನ ಪೂಜೆಗೆ ಅರ್ಹನೋ ಅಲ್ಲವೋ ಎಂಬ ವಿಚಾರಣೆಯಾಗಿತ್ತು. ವೀರಗಲ್ಲಿನ ನಾಡಿನ ಓದುಗ ಆಕ್ಸ್‌ಫರ್ಡಿನ ಪ್ರೊಫೆಸರನಿಗಿಂತ ಬೇಗ ಇದನ್ನು ಹಿಡಿಯಬೇಕು.

ಆ ಹೆಣದ ಕಾವಲಿಗೆ ಸಾಫೊಕ್ಲಿಸ್ ಅಜಾಕ್ಸ್‌ನ ಮಲತಮ್ಮನಾದ ಟ್ಯೂಸರ್‌ನನ್ನು ನಿಲ್ಲಿಸಿದ್ದ. ಶ್ರೀಯವರು ಏಕಲವ್ಯನನ್ನು ಕರೆತಂದರು. ದ್ರೋಣ ಯಾರ ಹೆಬ್ಬೆರಳು ಕೇಳಿದನೋ ಆ ಬೇಡರ ಹುಡುಗ ದ್ರೋಣನ ಮಗನ ಶವಕ್ಕೆ ನ್ಯಾಯ ಕೇಳುತ್ತಾನೆ. ಇಡೀ ಭಾರತವನ್ನು ತಲೆಕೆಳಗು ಮಾಡುವ ಕಲ್ಪನೆ ಇದು. ಕುವೆಂಪು 'ಬೆರಳ್‌ಗೆ ಕೊರಳ್' ಬರೆದದ್ದು 1947ರಲ್ಲಿ. ಏಕಲವ್ಯನ ಗಾಯಕ್ಕೆ ಹೊಸಗನ್ನಡ ನಾಟಕ ಅದಕ್ಕೂ ಹದಿನೆಂಟು ವರ್ಷ ಮುಂಚೆಯೇ ಕೈಯಿಟ್ಟಿತ್ತು. ಇನ್ನೊಂದು ಮಾತು: ವ್ಯಾಸರ ಭಾರತದಲ್ಲಿ ಏಕಲವ್ಯನನ್ನು ಕೊಂದವನು ತಾನೇ ಎಂದು ಕೃಷ್ಣ ಹೇಳಿಕೊಳ್ಳುತ್ತಾನೆ. ಅಂದರೆ ಶ್ರೀಯವರು ಚಿರಂಜೀವಿಯನ್ನು ಕೊಂದದ್ದು ಮಾತ್ರವಲ್ಲ, ಸತ್ತವನನ್ನು ಬದುಕಿಸಿದ್ದಾರೆ. ಮೊದಲನೆಯದಕ್ಕೆ ಎದ್ದಷ್ಟು ಗಲಾಟೆ ಎರಡನೆಯದಕ್ಕೆ ಏಳಲಿಲ್ಲ. ಬ್ರಾಹ್ಮಣನ ಅಮರತ್ವಕ್ಕೆ ವಕೀಲರು ಬೇಗ ಸಿಗುತ್ತಾರೆ, ಬೇಡನ ಸಾವಿಗೆ ಸಿಗುವುದಿಲ್ಲ.

ಭಾಷೆ ಗಡುಸು, ಹಳಗನ್ನಡದ ಭಾರ, ಆಡಲು ಬಾರದು ಎನ್ನುವವರಿದ್ದಾರೆ. ಇರಲಿ. ದೇವರು ಮತ್ತು ಹೆಣದ ನಡುವೆ ನಿಂತವನು ಬಸ್ಸಿಗೆ ಕಾಯುವವನಂತೆ ಮಾತಾಡಬೇಕೆ?

ಶ್ರೀಯವರು ಈ ನಾಟಕಗಳನ್ನು ಬರೆಯುತ್ತಿದ್ದ ಕಾಲದಲ್ಲೇ ಐರ್ಲೆಂಡಿನಲ್ಲಿ ಕವಿ ಯೇಟ್ಸ್ ಮಾಡುತ್ತಿದ್ದುದನ್ನು ನೋಡಿ. ನಮ್ಮಂತೆಯೇ ಇಂಗ್ಲಿಷರ ಆಳ್ವಿಕೆ ಕಂಡ ನಾಡು. ಅವನು ಕೆಲ್ಟಿಕ್ ಪುರಾಣದ ಕುಹೂಲಿನ್‌ನನ್ನು ಮತ್ತೆ ಮತ್ತೆ ರಂಗಕ್ಕೆ ತಂದ. ಬಿದ್ದು ಸಾಯಬಾರದೆಂದು ನಿಲುಗಲ್ಲಿಗೆ ತನ್ನನ್ನೇ ಕಟ್ಟಿಕೊಂಡು ಸತ್ತ ವೀರ ಅವನು. ಯುದ್ಧದೇವತೆ ಮೊರಿಗನ್ ಕಾಗೆಯಾಗಿ ಬಂದಳೆಂದು ಅಲ್ಲಿನವರ ಕಥೆ. ಅದೇ ಯೇಟ್ಸ್‌ನ 'ಈಡಿಪಸ್' ಡಬ್ಲಿನ್‌ನ ಅಬೆ ಥಿಯೇಟರಿನಲ್ಲಿ 1926ರಲ್ಲಿ ಆಡಿತು, ನಮ್ಮಲ್ಲಿ 'ಗದಾಯುದ್ಧ ನಾಟಕಂ' ಬಂದ ವರ್ಷ. ಐರಿಷರು ಯೇಟ್ಸ್‌ನನ್ನು ಸಾಲಗಾರ ಎನ್ನಲಿಲ್ಲ. ನಾವು ಶ್ರೀಯವರನ್ನು ಇಂದಿಗೂ ಸಾಲಗಾರರೆಂದೇ ಪಾಠ ಮಾಡುತ್ತೇವೆ.

ನವ್ಯರು ಬಂದ ಮೇಲೆ ಗ್ರೀಕ್ ನಾಟಕದ ಬೇರೊಂದು ಸರಣಿ ಶುರುವಾಯಿತು. ಲಂಕೇಶರ 'ದೊರೆ ಈಡಿಪಸ್' ಇದೆ. ಎಪ್ಪತ್ತರ ದಶಕದ ಆರಂಭದಲ್ಲಿ ಬಿ.ವಿ. ಕಾರಂತರು ಅದನ್ನು ರವೀಂದ್ರ ಕಲಾಕ್ಷೇತ್ರದ ಬಯಲಿಗೆ ತಂದದ್ದು ರಂಗಭೂಮಿಯ ಚರಿತ್ರೆ. ಲಂಕೇಶರ ಗದ್ಯಕ್ಕೆ ಕತ್ತಿಯ ಅಲುಗಿದೆ, ಒಪ್ಪುತ್ತೇನೆ. ಆದರೆ ನವ್ಯದ ಈಡಿಪಸ್ ದೇವರಿಲ್ಲದ ಈಡಿಪಸ್. ಅಪೊಲೊ ಅಲ್ಲಿ ದೂರದ ಗುಡಿಯಿಂದ ಬಂದ ಸುದ್ದಿ ಮಾತ್ರ. ಮನುಷ್ಯ ತನ್ನನ್ನು ತಾನೇ ಹುಡುಕಿಕೊಂಡು ಕಣ್ಣು ಕಿತ್ತುಕೊಳ್ಳುತ್ತಾನೆ. ನವ್ಯರಿಗೆ ಬೇಕಾದದ್ದು ಒಂಟಿ ಮನುಷ್ಯ, ಅವನು ಸಿಕ್ಕಿದ. ಎದುರಾಳಿ ಮಾತ್ರ ಕಣದಲ್ಲಿರಲಿಲ್ಲ. ಎದುರಾಳಿಯಿಲ್ಲದ ಕುಸ್ತಿಗೆ ನಾವು ಐವತ್ತು ವರ್ಷ ಚಪ್ಪಾಳೆ ತಟ್ಟಿದ್ದೇವೆ.

ಎದುರಾಳಿ ಎಲ್ಲಿಗೂ ಹೋಗಿರಲಿಲ್ಲ, ಊರ ಬಾಗಿಲಲ್ಲೇ ಇದ್ದಳು. ಮಾರಮ್ಮನ ಕಥೆ ಗೊತ್ತಿಲ್ಲದವರು ಯಾರು? ಜಾತಿ ಮುಚ್ಚಿಟ್ಟು ಮದುವೆಯಾದ ಗಂಡ, ನಿಜ ತಿಳಿದ ದಿನ ಉರಿದೆದ್ದ ಹೆಂಡತಿ, ಕೋಣವಾಗಿ ಅವಳೆದುರು ತಲೆ ಕೊಡಬೇಕಾದ ಅವನ ಗತಿ. ಈಡಿಪಸನ ಅರಿಯದ ಮೈಲಿಗೆ, ಮೀಡಿಯಾಳ ಸೇಡು ಎರಡೂ ಒಂದೇ ಕಥೆಯಲ್ಲಿವೆ. ಒಂದು ಜಾತಿಯನ್ನು ವರ್ಷವರ್ಷವೂ ಅಪರಾಧಿಯಾಗಿಸಲು ಬಳಸಿದ ಕಥೆ ಇದು. ಅದಕ್ಕೇ ಇದಕ್ಕೊಬ್ಬ ಸಾಫೊಕ್ಲಿಸ್ ಬೇಕಿತ್ತು. 1959ರ ಕಾಯ್ದೆ ಪ್ರಾಣಿಬಲಿಯನ್ನು ನಿಷೇಧಿಸಿತು, ಒಳ್ಳೆಯದಾಯಿತು. ಕಥೆಯ ಒಳಗಿನ ಬಲಿಯನ್ನು ಎದುರಿಸುವ ನಾಟಕ ಮಾತ್ರ ಬರಲಿಲ್ಲ. ಇತ್ತ ಬೆಂಗಳೂರಿನ ತಿಗಳರ ಪೇಟೆಯಲ್ಲಿ ಚೈತ್ರದ ಹುಣ್ಣಿಮೆಗೆ ಕರಗ ಹೊರಡುತ್ತದೆ. ಅಶ್ವತ್ಥಾಮ ಯಾರ ಮಕ್ಕಳನ್ನು ಕೊಂದನೋ ಆ ದ್ರೌಪದಿ ಅಲ್ಲಿ ಆದಿಶಕ್ತಿ, ವೀರಕುಮಾರರು ಅವಳ ಹೊಸ ಮಕ್ಕಳು. ಇದು ಗ್ರೀಕರ ಯಾವ ಉತ್ಸವಕ್ಕಿಂತ ಕಡಿಮೆ?

ಈಗ ಉತ್ತರ ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೆ ಬನ್ನಿ. ಜಕ್ಕೂರು, ಥಣಿಸಂದ್ರದ ಮಕ್ಕಳಿಗೆ ಪರ್ಸಿ ಜಾಕ್ಸನ್ ಪುಸ್ತಕಗಳ ದಯದಿಂದ ಜ್ಯೂಸ್, ಹೇಡೀಸ್, ಪೊಸೈಡನ್ ಎಲ್ಲರೂ ಗೊತ್ತು. ಓದಲಿ, ಒಳ್ಳೆಯದೇ. ಅವರ ತಂದೆತಾಯಿಯರಿಗೆ ಕಾಂಪೌಂಡಿನ ಹೊರಗಿನ ಗ್ರಾಮದೇವತೆ ಮಾತ್ರ ಮುಜುಗರ: ರಕ್ತದ ದೇವರು, ತಮಟೆಯ ಗಲಾಟೆ, ಟ್ರಾಫಿಕ್ ಜಾಮ್. ಸ್ವಂತ ಮಗಳನ್ನೇ ಬಲಿ ಕೊಡು ಎಂದು ಅಗಮೆಮ್ನಾನ್‌ನನ್ನು ಕೇಳಿದ ಆರ್ಟೆಮಿಸ್ ಪುಸ್ತಕದೊಳಗಿದ್ದರೆ ಅದು ಕಲ್ಚರ್. ಮಾರಮ್ಮ ರಸ್ತೆಗೆ ಬಂದರೆ ಮೂಢನಂಬಿಕೆ. ಭಯ ಹುಟ್ಟಿಸುವ ದೇವರು ಬೇಡವೆಂದಲ್ಲ; ಭಯ ಇಂಗ್ಲಿಷಿನಲ್ಲಿ ಬರಬೇಕು, ಬಣ್ಣದ ಮುಖಪುಟ ಹೊತ್ತು ಬರಬೇಕು. 'ನಮ್ಮ ದೇವರು ಕರುಣಾಳು' ಎಂಬ ಗೋಷ್ಠಿಯ ಭಕ್ತಿಯೂ ಈ ಮುಜುಗರವೂ ಒಂದೇ ತಾಯಿಯ ಮಕ್ಕಳು. ಎರಡಕ್ಕೂ ಬೇಕಾದದ್ದು ತೊಳೆದು ಒರೆಸಿಟ್ಟ ದೇವರು. ಅಂಥ ದೇವರಿಂದ ನಾಟಕ ಹುಟ್ಟುವುದಿಲ್ಲ.

2029ಕ್ಕೆ 'ಅಶ್ವತ್ಥಾಮನ್' ನಾಟಕಕ್ಕೆ ನೂರು ತುಂಬುತ್ತದೆ. ವಿಚಾರಸಂಕಿರಣ, ನೆನಪಿನ ಸಂಚಿಕೆ, ಶಾಲು, ಹಾರ ಯಾವುದೂ ಬೇಡ. ನಮ್ಮ ತಂಡಗಳಲ್ಲಿ ಒಂದಾದರೂ ಅದನ್ನು ಆಡಲಿ, ಹಳಗನ್ನಡವನ್ನು ಬದಲಿಸದೆ, ಏಕಲವ್ಯನ ಭಾಗವನ್ನು ಕತ್ತರಿಸದೆ. ಚಿರಂಜೀವಿಯ ತಕರಾರು ಇನ್ನೂ ಉಳಿದಿರುವವರು ಮೊದಲು ಸೌಪ್ತಿಕಪರ್ವ ಓದಿಕೊಂಡು ಬರಲಿ.